ಧ್ವನಿಮುದ್ರಿಕೆಯೂ ಸಹೃದಯಗೋಷ್ಠಿಯೂ

ನಮ್ಮ ಅಲಂಕಾರಶಾಸ್ತ್ರಕಾರರು ಕವಿಯನ್ನು ಕುರಿತು ಎಷ್ಟು ಆಸ್ಥೆಯಿಂದ ವಿಚಾರಮಾಡಿರುವರೋ ಸಹೃದಯನನ್ನು ಕುರಿತೂ ಅಷ್ಟೇ ಆಸ್ಥೆಯಿಂದ ವಿಚಾರಮಾಡಿರುವರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗಸಿದ್ಧಿಯನ್ನು ವಿವರಿಸುವಾಗ, ಪ್ರೇಕ್ಷಕನಲ್ಲಿ ಇರತಕ್ಕ ಗುಣಗಳಾವುವು, ಗುಣದೋಷಗಳನ್ನು ನಿರ್ಣಯಿಸತಕ್ಕ ಪ್ರಾಶ್ನಿಕರು ಎಂತಹವರಾಗಿರಬೇಕು ಎಂಬುದನ್ನು ವಿಸ್ತಾರವಾಗಿ ಹೇಳಿದ್ದಾನೆ. ಅಭಿನವಗುಪ್ತಾಚಾರ್ಯನ ಮತದಲ್ಲಂತೂ ಸಹೃದಯನು ಕೂಡಿದಲ್ಲದೆ ಕವಿಯ ಕಾರ್ಯವು ಮುಗಿಯುವುದೇ ಇಲ್ಲ. ಹೀಗಿದ್ದರೂ ಸಂಗೀತದ ಚರಿತ್ರೆಯನ್ನು ಬರೆಯತೊಡಗಿದವರು ವಾಗ್ಗೇಯಕಾರರನ್ನೂ ಗಾಯಕರನ್ನೂ ಪೋಷಕರಾದ ದೊರೆಗಳನ್ನೂ ಹೆಸರಿಸಿ ಲೇಖನಿಯನ್ನು ಕೆಳಗಿಟ್ಟುಬಿಡುತ್ತಾರೆ. ಕೇಳಿದವರು ಯಾರು, ಏನನ್ನು ಕೇಳಿದರು, ಕೇಳಿದುದನ್ನು ಪಕ್ಕದವನಿಗೆ ಹೇಗೆ ಹೇಳಿದರು, ಆ ಮಾತಿನಿಂದ ಏನಾಯಿತು ಎಂಬುದಕ್ಕೆ ಆ ಗ್ರಂಥಗಳಲ್ಲಿ ಒಂದು ಪುಟವೂ ಸಿಕ್ಕುವುದು ದುರ್ಲಭ.

ಧ್ವನಿಮುದ್ರಿಕೆಯು ಹುಟ್ಟಿದಮೇಲೆ ಈ ಉಪೇಕ್ಷೆಗೆ ಅವಕಾಶವಿಲ್ಲದೆ ಹೋಯಿತು. “ಈಚೆಗೆ ನಾನು ಕೇಳಿ ಸಂತೋಷಪಡುತ್ತಿರುವ ತಟ್ಟೆ ಇದು, ಇಂತಹ ಕಾರಣದಿಂದ ಸಂತೋಷಪಡುತ್ತಿದ್ದೇನೆ” ಎಂದು ಒಬ್ಬ ರಸಿಕನು ಮತ್ತೊಬ್ಬನಿಗೆ ಹೇಳುವ ಮಾತು ಮೇಲುನೋಟಕ್ಕೆ ಕಾಲಹರಣದ ಮಾತು. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದೇ ಮಾತು ಬೆಳೆದು, ಸಂಘವಾಗಿ, ಚಂದಾಹಣವಾಗಿ, ಅಳಿದುಹೋಗುತ್ತಿದ್ದ ಸಂಗೀತವನ್ನು ಉಳಿಸಿತು. ಆ ಕಥೆಯ ಒಂದು ಕೊನೆ ಲಂಡನ್ನಿನಲ್ಲಿದೆ. ಇನ್ನೊಂದು ಕೊನೆ ನಮ್ಮ ಮೈಸೂರಿನಲ್ಲಿದೆ.

ಎಡಿಸನ್ ಎಂಬ ಅಮೆರಿಕದ ಯಂತ್ರಶಿಲ್ಪಿಯು ೧೮೭೭ರಲ್ಲಿ ಮನುಷ್ಯಧ್ವನಿಯನ್ನು ಉರುಳೆಯ ಮೇಲೆ ಹಿಡಿದನು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಬರ್ಲಿನರ್ ಎಂಬುವನು ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಉಪಯೋಗಿಸಿದನು. ಗ್ರಾಮಫೋನ್ ಎಂಬ ಹೆಸರು ಅವನದೇ. ಹಿಂದೂದೇಶಕ್ಕೆ ಈ ವಿದ್ಯೆಯು ೧೯೦೨ರಲ್ಲಿ ಬಂದಿತು. ಆ ವರ್ಷದ ನವೆಂಬರಿನಲ್ಲಿ ಗೇಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡನು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆಕೆಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಆಕೆಯು ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನಕ್ಕೆ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದನ್ನು ವಾಚಕರಲ್ಲಿ ಕೆಲವರು ಬಲ್ಲರು.

ಆ ಕಾಲದ ತಟ್ಟೆಯ ಪರಿಮಿತಿಯನ್ನು ಇಂದಿನ ತರುಣರಿಗೆ ವಿವರಿಸಿ ಹೇಳಬೇಕು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ; ಹನ್ನೆರಡಂಗುಲದ್ದಾದರೆ ನಾಲ್ಕಕ್ಕೆ ಸ್ವಲ್ಪ ಮೇಲೆ. ಪ್ರತಿಯೊಂದು ಮಗ್ಗುಲಿಗೂ ಕೀಲಿಕೊಡಬೇಕು, ಮುಳ್ಳನ್ನು ಬದಲಾಯಿಸಬೇಕು. ರಾಗಾಲಾಪನೆಯು ಬಾಯಿ ತೆರೆಯುವುದರೊಳಗಾಗಿ ಮುಳ್ಳು ಅಂಚಿಗೆ ಬಂದಿರುವುದು. ಐರೋಪ್ಯರ ದೊಡ್ಡ ವಾದ್ಯವೃಂದಕೃತಿಯು ನಲವತ್ತು ನಿಮಿಷ ನಡೆಯತಕ್ಕದ್ದಾದುದರಿಂದ ಐದಾರು ತಟ್ಟೆಗಳ ಹತ್ತು ಹನ್ನೆರಡು ಮಗ್ಗುಲುಗಳಲ್ಲಿ ಅದನ್ನು ತುಂಡುಮಾಡಿ ತುಂಬುತ್ತಿದ್ದರು. ಆ ತಟ್ಟೆಗಳು ಚೆದರದಂತೆ ದಪ್ಪ ಕಾಗದದ ಚೀಲಗಳನ್ನು ಪುಸ್ತಕದಂತೆ ಹೊಲಿದು, ರಟ್ಟುಹಾಕಿ, ಒಳಗೆ ಒಂದೊಂದಾಗಿ ಸೇರಿಸಿಡುವ ವಾಡಿಕೆ ಹುಟ್ಟಿತು. ಆ ಕಟ್ಟಿಗೇ ಆಲ್ಬಮ್ ಎಂದು ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಏನನ್ನೂ ಬರೆಯದ ಬಿಳಿಯ ಹಲಗೆಯೆಂದು ಅರ್ಥ. ೧೯೪೮ರಲ್ಲಿ ದೀರ್ಘಕಾಲ ನುಡಿಯುವ ಒಂಟಿ ತಟ್ಟೆಯು ಬಂದು ಆ ಕಟ್ಟೇ ಬೇಕಾಗದೆ ಹೋದರೂ ಹೆಸರು ಮಾತ್ರ ಉಳಿಯಿತು. ಈಗ ತಟ್ಟೆಯೂ ಇಲ್ಲದೆ, ಆಕಾಶಮಾರ್ಗದಿಂದ ಕಿಸೆಯ ದೂರವಾಣಿಗೆ ಇಳಿದುಬರುವ ಹಾಡುಗಳ ಗುಂಪಿಗೂ ಅದೇ ಹೆಸರು. ರೂಢಿಯು ಯೋಗಾರ್ಥವನ್ನು ಅಪಹರಿಸುತ್ತದೆ ಎಂಬ ಶಾಬ್ದಿಕರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ತಟ್ಟೆಯು ಸಂಗೀತವನ್ನು ಮನೆಗೆ ತಂದಿತು. ಆದರೆ ಸಭೆಯನ್ನು ತರಲಿಲ್ಲ. ಕಚೇರಿಯಲ್ಲಿ ಪಲ್ಲವಿಯು ಎಡುಪಿಗೆ ಸರಿಯಾಗಿ ಬಂದು ಕುಳಿತಾಗ ಪಕ್ಕದಲ್ಲಿದ್ದವನು ತಲೆದೂಗುವನು. ಅವನ ತಲೆದೂಗುವಿಕೆಯಿಂದ ನಮಗೂ ಒಂದು ಧೈರ್ಯ. ತಟ್ಟೆಯ ಮುಂದೆ ಕುಳಿತವನಿಗೆ ಈ ಪಕ್ಕದವನಿಲ್ಲ. ಹಾಡು ಅದೇ, ಸ್ಥಾಯಿ ಅದೇ, ಆದರೆ ಕೇಳುವವನು ಏಕಾಕಿ. ಆದುದರಿಂದ ಯಂತ್ರವು ಕಳೆದ ಪಕ್ಕದವನನ್ನು ರಸಿಕರು ಬೇರೆ ರೀತಿಯಲ್ಲಿ ಹುಡುಕಿಕೊಳ್ಳಬೇಕಾಯಿತು. ಈ ಹುಡುಕಾಟವು ಮೊದಲು ವ್ಯವಸ್ಥಿತವಾದುದು ಇಂಗ್ಲೆಂಡಿನಲ್ಲಿ.

ಕಾಂಪ್ಟನ್ ಮೆಕೆಂಜಿ ಎಂಬುವನು ಅಲ್ಲಿನ ಹೆಸರಾಂತ ಕಾದಂಬರಿಕಾರ, ಸಂಗೀತದ ಪಂಡಿತನಲ್ಲ. ಅವನು ೧೯೨೩ರ ಏಪ್ರಿಲ್ ತಿಂಗಳಲ್ಲಿ, ಕ್ರಿಸ್ಟಫರ್ ಸ್ಟೋನ್ ಎಂಬ ತನ್ನ ಬಂಧುವಿನ ಸಹಾಯದೊಡನೆ, ‘ದಿ ಗ್ರಾಮಫೋನ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದನು. ತಿಂಗಳಿಗೆ ಯಾವ ತಟ್ಟೆಗಳು ಹೊರಬಂದವು, ಅವುಗಳಲ್ಲಿ ಯಾವುದು ಹಣಕ್ಕೆ ತಕ್ಕದ್ದು, ಯಾವ ಗಾಯಕನ ಧ್ವನಿಯು ಯಂತ್ರದಲ್ಲಿ ಚೆನ್ನಾಗಿ ಕೂಡುವುದು, ಯಾವ ಮುಳ್ಳು ತಟ್ಟೆಯನ್ನು ಕಡಿಮೆ ಸವೆಸುವುದು – ಇವೇ ಅದರ ವಿಷಯಗಳು. ವಾಚಕರು ಪತ್ರಗಳ ಮೂಲಕ ತಮ್ಮ ಸಂತೋಷವನ್ನೂ ಜಗಳವನ್ನೂ ಅಲ್ಲಿ ತೋಡಿಕೊಂಡರು. ಸಂಗೀತಪತ್ರಿಕೆಗಳು ಅದಕ್ಕೆ ಮುಂಚೆಯೂ ಇದ್ದುವು. ಅವು ಹಾಡುವವರಿಗೂ ಬಾರಿಸುವವರಿಗೂ ಆಗಿ ಇದ್ದುವು. ಕೇಳುವುದೊಂದನ್ನೇ ಕಸುಬಾಗಿಯಲ್ಲದೆ ವ್ರತವಾಗಿ ಹಿಡಿದವರಿಗೆ ಮಾತನಾಡಲು ಒಂದು ಜಗುಲಿ ದೊರೆತುದು ಇಲ್ಲಿ.

ಜಗುಲಿಯ ಮಾತು ಬೇಗನೆ ಕೆಲಸಕ್ಕೆ ತಿರುಗಿತು. ತಟ್ಟೆಯ ವ್ಯಾಪಾರಿಗಳು ಜನಪ್ರಿಯವಾದ ಹಾಡುಗಳನ್ನೂ ನಾಟಕಗೀತಗಳ ತುಣುಕುಗಳನ್ನೂ ಮುದ್ರಿಸುತ್ತಿದ್ದರು. ನಾಲ್ಕು ತಂತೀವಾದ್ಯಗಳು ಮಾತ್ರ ಕೂಡಿ ನುಡಿಸುವ ಗಂಭೀರವಾದ ಕೃತಿಗಳನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೂ ಅಂಗಹೀನಗೊಳಿಸಿ ಒಂದೆರಡು ಮಗ್ಗುಲಿಗೆ ಇಳಿಸುತ್ತಿದ್ದರು. ಪತ್ರಿಕೆಯ ವಾಚಕರು ಇದನ್ನು ಗೊಣಗುವುದರಲ್ಲಿ ನಿಲ್ಲದೆ ೧೯೨೪ರಿಂದ ತಾವೇ ತಟ್ಟೆಗಳನ್ನು ಮಾಡಿಸಿಕೊಳ್ಳತೊಡಗಿದರು. ನ್ಯಾಷನಲ್ ಗ್ರಾಮಫೋನಿಕ್ ಸೊಸೈಟಿ ಎಂಬ ಸಂಘವು ಸದಸ್ಯರಿಂದ ಮುಂಗಡ ಚಂದಾ ಎತ್ತಿ, ಬೇಥೋವೆನ್ನನ ಒಂದು ಚತುರ್ವಾದ್ಯಕೃತಿಯಿಂದ ಆರಂಭಿಸಿ, ವ್ಯಾಪಾರಿಗಳು ತಿರಸ್ಕರಿಸಿದ್ದ ಕೃತಿಗಳನ್ನು ಇಡಿಯಾಗಿ ಹೊರತಂದಿತು. ಷೋನ್‌ಬರ್ಗನಂತಹ ಹೊಸಬನ ಕೃತಿಯೂ ಆ ಪಟ್ಟಿಯಲ್ಲಿದ್ದಿತು.

ವ್ಯಾಪಾರಿಗಳನ್ನು ಬೈದು ಮುಗಿಸುವುದು ನ್ಯಾಯವಲ್ಲ. ಅವರ ಕಷ್ಟವನ್ನು ತಿಳಿಯಬೇಕಾದರೆ ತಟ್ಟೆ ಹುಟ್ಟುವ ಕ್ರಮವನ್ನು ನೋಡಬೇಕು. ಗಾಯಕನ ಧ್ವನಿಯು ಮೊದಲು ಮೇಣದ ಹಲಗೆಯಮೇಲೆ ಗೆರೆಯಾಗಿ ಬೀಳುವುದು. ಆ ಮೇಣಕ್ಕೆ ವಿದ್ಯುತ್ತಿನ ಮೂಲಕ ಲೋಹದ ಲೇಪ ಕೊಟ್ಟು, ಲೇಪವನ್ನು ಬಿಡಿಸಿ ತೆಗೆದು, ಅದರಿಂದ ಮತ್ತೊಂದು ಅಚ್ಚು, ಆ ಅಚ್ಚಿನಿಂದ ಒತ್ತುವ ಅಚ್ಚು, ಹೀಗೆ ಬಿಂಬ ಪ್ರತಿಬಿಂಬಗಳ ಪರಂಪರೆಯಾದಮೇಲೆ ಬಿಸಿಯಾದ ಅರಗಿನ ಮುದ್ದೆಯಮೇಲೆ ಅದನ್ನು ಒತ್ತುವರು. ಹತ್ತು ತಟ್ಟೆ ಮಾಡಿದರೂ ಹತ್ತು ಸಾವಿರ ಮಾಡಿದರೂ ಅಚ್ಚಿನ ವೆಚ್ಚ ಒಂದೇ. ಹತ್ತೇ ಜನ ಕೊಳ್ಳುವುದಾದರೆ ಅಚ್ಚನ್ನು ಏಕೆ ಮಾಡಬೇಕು? (ಆ ಅರಗು ನಮ್ಮ ದೇಶದ ಕಾಡುಗಳ ಮರಗಳ ಮೇಲೆ ಹುಳುಗಳು ಕಟ್ಟುವ ಅರಗೇ. ಪಾಂಡವರನ್ನು ಸುಡಲು ಮನೆಯಾದ ವಸ್ತುವು ಕಡಲುದಾಟಿ ಹೋಗಿ ಬೇಥೋವೆನ್ನನಿಗೆ ಮನೆಯಾಯಿತೆಂಬುದು ನನಗೆ ಯಾವಾಗಲೂ ವಿನೋದವಾಗಿ ತೋರುವುದು.)

ಜಗತ್ತಿನ ವ್ಯಾಪಾರವೇ ಕುಸಿದಿದ್ದ ೧೯೩೧ರಲ್ಲಿ ಈ ಪ್ರಶ್ನೆಗೆ ಒಬ್ಬ ತರುಣನು ಉತ್ತರ ಕಂಡುಹಿಡಿದನು. ವಾಲ್ಟರ್ ಲೆಗ್ಗ್ ಎಂಬ ಅವನು ಗ್ರಾಮಫೋನ್ ಕಂಪೆನಿಯಲ್ಲಿ ತಟ್ಟೆಗಳೊಡನೆ ಹೋಗುವ ವಿವರಣೆಗಳನ್ನು ಬರೆಯುತ್ತಿದ್ದವನು; ವಯಸ್ಸು ಇಪ್ಪತ್ತೈದು. ಹ್ಯೂಗೋ ವುಲ್ಫ್ ಎಂಬ ಗೀತಕಾರನಲ್ಲಿ ಅವನಿಗೆ ಅತಿಶಯವಾದ ಪ್ರೀತಿ. ವುಲ್ಫನು ೧೯೦೩ರಲ್ಲಿ ವಿಯೆನ್ನಾ ನಗರದ ಉನ್ಮತ್ತರ ಆಸ್ಪತ್ರೆಯಲ್ಲಿ ತನ್ನ ನಲವತ್ತೆರಡನೆಯ ವರ್ಷದಲ್ಲಿ ಸತ್ತವನು. ಅವನ ಗೀತಗಳನ್ನು ಕೇಳಿದವರು ಸ್ವಲ್ಪ, ಕೊಳ್ಳುವವರು ಇನ್ನೂ ಸ್ವಲ್ಪ. ಲೆಗ್ಗನು ಕಂಪೆನಿಯವರಿಗೆ ಹೇಳಿದುದರ ತಾತ್ಪರ್ಯವಿಷ್ಟೆ: ಮೊದಲು ತಟ್ಟೆ ಮಾಡಿ ಆಮೇಲೆ ಕೊಳ್ಳುವವರನ್ನು ಹುಡುಕಬೇಡಿ; ಮೊದಲು ಐನೂರು ಜನ ಕೊಳ್ಳುವವರನ್ನು ಹುಡುಕಿ ಆಮೇಲೆ ತಟ್ಟೆ ಮಾಡೋಣ. ಆರು ತಟ್ಟೆಗಳ ಒಂದು ಕಟ್ಟಿಗೆ ಮೂವತ್ತು ಷಿಲ್ಲಿಂಗ್ ಚಂದಾ ಎಂದು ಗೊತ್ತುಮಾಡಿದರು. ಮೆಕೆಂಜಿಯ ಪತ್ರಿಕೆಯು ಈ ಕರೆಯನ್ನು ಊರೂರಿಗೆ ಮುಟ್ಟಿಸಿತು.

ಐನೂರು ಎಂಬ ಸಂಖ್ಯೆಯು ಸುಲಭವಾಗಿ ತುಂಬಲಿಲ್ಲ. ತುಂಬಿದವರಲ್ಲಿ ನೂರಕ್ಕೆ ಮೇಲ್ಪಟ್ಟವರು ಜಪಾನಿನವರು! ಜರ್ಮನ್ ಭಾಷೆಯ ಕವಿತೆಗೆ ಆಸ್ಟ್ರಿಯದವನು ಕಟ್ಟಿದ ಗೀತವನ್ನು ಲಂಡನ್ನಿನಲ್ಲಿ ಮುದ್ರಿಸಬೇಕಾದರೆ ಪೂರ್ವಸಮುದ್ರದಾಚೆಯ ರಸಿಕರು ಕೈನೀಡಬೇಕಾಯಿತು. ಎಲೆನಾ ಗೆರ್ಹಾರ್ಟ್ ಎಂಬ ಗಾಯಕಿಯು ಹಾಡಿದ ಆ ಮೊದಲ ಸಂಪುಟದೊಡನೆ ಗೀತಗಳ ಸಾಹಿತ್ಯವನ್ನೂ, ಅರ್ಥವನ್ನೂ, ವುಲ್ಫನ ವಿಷಯದಲ್ಲಿ ಪ್ರಮಾಣಪುರುಷನಾದ ಅರ್ನೆಸ್ಟ್ ನ್ಯೂಮನ್ನನ ವಿವರಣೆಯನ್ನೂ ಚಂದಾದಾರರಿಗೆ ಕಳುಹಿಸಿದರು.

ಈ ಕೊನೆಯ ಅಂಶದಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುವೆನು. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ದಿನಕ್ಕೊಂದು ಹಾಡನ್ನು ನನ್ನ ದೂರವಾಣಿಗೆ ಕಳುಹಿಸಿ “ಚೆನ್ನಾಗಿದೆ, ಕೇಳಿ ಸಾರ್” ಎಂದು ಬರೆಯುತ್ತಾರೆ. ಅವರ ವಿಶ್ವಾಸಕ್ಕೆ ನಾನು ಋಣಿ. ಆದರೆ ಏಕೆ ಚೆನ್ನಾಗಿದೆ ಎಂಬುದನ್ನು ಒಬ್ಬರೂ ಬರೆಯುವುದಿಲ್ಲ. ಹೇತುವಿಲ್ಲದ ಪ್ರತಿಜ್ಞೆಯಿಂದ ಅನುಮಾನವು ಸಿದ್ಧಿಸದೆಂದು ತರ್ಕಸಂಗ್ರಹದ ಮೊದಲ ಪಾಠದಲ್ಲಿಯೇ ಇವರಿಗೆ ಹೇಳಿಕೊಟ್ಟವನು ನಾನೇ. ವುಲ್ಫ್ ಸಂಘದವರು ಹೇತುವನ್ನೂ ತಟ್ಟೆಯೊಡನೆ ಕಟ್ಟಿ ಕಳುಹಿಸಿದರು. ಜಪಾನಿನ ಚಂದಾದಾರನಿಗೆ ಜರ್ಮನ್ ಗೀತದ ಬಾಗಿಲು ತೆರೆದುದು ಅದರಿಂದ.

ವುಲ್ಫ್ ಸಂಘದ ಮಾರ್ಗವನ್ನು ಇತರ ಸಂಘಗಳು ಹಿಡಿದುವು. ಸಿಬೇಲಿಯಸ್, ಡೀಲಿಯಸ್, ಬಾಖ್, ಹೈಡನ್ ಇವರ ಹೆಸರಿನಲ್ಲಿ ಒಂದೊಂದು. ಎಲ್ಲಕ್ಕಿಂತ ಪ್ರಸಿದ್ಧವಾದುದು ೧೯೩೨ರಲ್ಲಿ ಆರಂಭವಾದ ಬೇಥೋವೆನ್ ಸೊನಾಟಾ ಸಂಘ. ಆರ್ಟುರ್ ಷ್ನಾಬೆಲ್ ಎಂಬ ಪಿಯಾನೋ ವಿದ್ವಾಂಸನು ಅದುವರೆಗೆ ಯಂತ್ರದ ಮುಂದೆ ನುಡಿಸಲು ಒಪ್ಪದಿದ್ದವನು. ಜೀವವುಳ್ಳ ವಾದನವನ್ನು ಮಾರ್ಪಡದ ಪದಾರ್ಥವಾಗಿ ಮಾಡುವುದು ಅವನಿಗೆ ಹಿತವಾಗಿರಲಿಲ್ಲ. ಚಂದಾದಾರರ ಬೆಂಬಲದಿಂದ ಮೂವತ್ತೆರಡು ಸೊನಾಟಾಗಳನ್ನೂ ಬಿಡದೆ ನುಡಿಸುವ ಅವಕಾಶ ಬಂದಾಗ ಒಪ್ಪಿ, ೧೯೩೫ರ ವೇಳೆಗೆ ಆ ಮಹಾಕಾರ್ಯವನ್ನು ಮುಗಿಸಿದನು. ಇವೆಲ್ಲವನ್ನೂ ಒಬ್ಬನೇ ನುಡಿಸಿ ಮುದ್ರಿಸಿದುದು ಅದೇ ಮೊದಲು. ನಡುವೆ ೧೯೩೩ರಲ್ಲಿ, ಯಹೂದ್ಯನಾದ ಕಾರಣ, ಅವನು ಬರ್ಲಿನ್ ನಗರವನ್ನು ಬಿಡಬೇಕಾಯಿತು.

ಇದೆಲ್ಲ ಮೂವತ್ತು ಷಿಲ್ಲಿಂಗ್ ಕೊಡಬಲ್ಲವರ ಮಾತಾಯಿತು. ಕೊಡಲಾರದವರೂ ಕೇಳುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಅಂಗಡಿಯ ಮುಂದಿನ ಬೀದಿಯೇ ಗೋಷ್ಠಿಯಾಗಿದ್ದಿತು. ಗಂಗೂಬಾಯಿ ಹಾನಗಲ್ ಅವರು ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದೊಡನೆ ಬೀದಿಗೆ ಓಡಿಹೋಗಿ ನಿಲ್ಲುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿ ಮನಸೋತು, ಆ ವಿದ್ಯೆಯನ್ನು ಅರಸಿ ಮನೆಬಿಟ್ಟು ಹೋದ ಕಥೆಯು ಲೋಕಪ್ರಸಿದ್ಧ. ಇವರಿಬ್ಬರೂ ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ತಟ್ಟೆಯನ್ನು ಹಾಕಿದ ಅಂಗಡಿಯವನು ಗಿರಾಕಿಯನ್ನು ಕರೆಯಲೆಂದು ಹಾಕಿದನು. ಅವನಿಗೆ ಸಿಕ್ಕಿದವರು ಎಂತಹ ಗಿರಾಕಿಗಳು!

ಇನ್ನು ಮೈಸೂರಿನ ಕಥೆ. ಶ್ರೀ ಜಯಚಾಮರಾಜ ಒಡೆಯರವರು ೧೯೧೯ರಲ್ಲಿ ಹುಟ್ಟಿದರು. ಚಿಕ್ಕಂದಿನಿಂದ ಅವರು ಶ್ರದ್ಧೆಯಿಂದ ಅಭ್ಯಾಸಮಾಡಿದುದು ಐರೋಪ್ಯ ಸಂಗೀತವನ್ನು, ಅದರಲ್ಲಿಯೂ ಪಿಯಾನೋ ವಾದ್ಯವನ್ನು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯೂ, ೧೯೪೫ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ಬಂದುವು. ಸಭೆಗಳಲ್ಲಿ ನುಡಿಸತಕ್ಕ ವಿದ್ವಾಂಸರೇ ಆಗಬೇಕೆಂಬ ಹಂಬಲ ಅವರಿಗಿದ್ದಿತು. ಆದರೆ ೧೯೪೦ರ ಮಾರ್ಚಿಯಲ್ಲಿ ತಂದೆಯವರಾದ ಯುವರಾಜರೂ, ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿಯವರೂ ತೀರಿಹೋಗಲು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವನ್ನು ಏರಬೇಕಾಯಿತು. ನುಡಿಸುವವರ ಸಾಲಿನಿಂದ ಕೇಳುವವರ ಸಾಲಿಗೆ ವಿಧಿಯು ಅವರನ್ನು ತಂದು ಕೂರಿಸಿತು. ಅರಮನೆಯಲ್ಲಿ ತಟ್ಟೆಗಳ ಸಂಗ್ರಹವು ಬೆಳೆಯಿತು. ಮುಂದೆ ಅದು ಸುಮಾರು ಇಪ್ಪತ್ತು ಸಾವಿರದಷ್ಟಾಯಿತೆಂದು ಅಂದಾಜು.

ಇಷ್ಟು ತಟ್ಟೆಗಳಿದ್ದರೂ ಅವರು ಪ್ರೀತಿಸಿದ ಒಬ್ಬ ವಾಗ್ಗೇಯಕಾರನ ಕೃತಿಗಳಿಗೆ ಮಾತ್ರ ತಟ್ಟೆಗಳು ಬಹಳ ಕಡಮೆಯಾಗಿದ್ದುವು. ನಿಕೊಲಾಯ್ ಮೆಟ್ನರ್ ಎಂಬುವನು ಮಾಸ್ಕೋ ನಗರದಲ್ಲಿ ೧೮೮೦ರಲ್ಲಿ ಹುಟ್ಟಿದವನು. ಪಿಯಾನೋವನ್ನು ಅಸಾಧಾರಣವಾಗಿ ನುಡಿಸಬಲ್ಲವನಾದರೂ ಕೃತಿರಚನೆಗಾಗಿ ಸಭೆಗಳನ್ನು ಬಿಟ್ಟುಕೊಟ್ಟವನು. ಹದಿನಾಲ್ಕು ಸೊನಾಟಾಗಳು, ‘ಕಥೆಗಳು’ ಎಂದು ಅವನೇ ಕರೆದ ಸಣ್ಣ ಕೃತಿಗಳು, ನೂರಕ್ಕೆ ಮೇಲ್ಪಟ್ಟ ಗೀತಗಳು, ಪಿಯಾನೋ ಮತ್ತು ವಾದ್ಯವೃಂದಕ್ಕಾಗಿ ಮೂರು ಕನ್ಸರ್ಟೋಗಳು ಅವನ ಜೀವಮಾನದ ಗಳಿಕೆ. ಮಿತ್ರನಾದ ರಾಖ್ಮಾನಿನೋಫನು ಇವನನ್ನು ಸಮಕಾಲೀನರಲ್ಲಿ ಶ್ರೇಷ್ಠನೆಂದು ಎಣಿಸಿ ತನ್ನ ನಾಲ್ಕನೆಯ ಕನ್ಸರ್ಟೋವನ್ನು ಇವನಿಗೆ ಅರ್ಪಿಸಿದನು. ಇವನು ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದನು. ರಾಖ್ಮಾನಿನೋಫನಿಗೆ ಲೋಕವೆಲ್ಲ ಮಣಿಯಿತು. ಮೆಟ್ನರನನ್ನು ಲೋಕವು ಕಾಣಲಿಲ್ಲ.

ಕಾರಣವಿಲ್ಲದೆ ಇಲ್ಲ. ಅವನ ಕಾಲದ ಹೊಸಬರು ಹಳೆಯ ನಿಯಮಗಳನ್ನು ಒಡೆಯುವುದೇ ಪ್ರತಿಭೆಯೆಂದು ತಿಳಿದಿದ್ದರು. ಇವನು ಸಂಗೀತದ ಮೂಲನಿಯಮಗಳು ಮನುಷ್ಯರು ಮಾಡಿದುವಲ್ಲವೆಂದು ನಂಬಿದವನು. ಈ ವಿಷಯದಲ್ಲಿ ಒಂದು ಗ್ರಂಥವನ್ನೇ ಬರೆದು ೧೯೩೫ರಲ್ಲಿ ಪ್ಯಾರಿಸ್ ನಗರದಲ್ಲಿ, ರಾಖ್ಮಾನಿನೋಫನ ನೆರವಿನಿಂದ, ಪ್ರಕಟಿಸಿದನು. ಹಳಬರಿಗೆ ಇವನ ರಚನೆ ತೊಡಕು, ಹೊಸಬರಿಗೆ ಇವನ ಮತ ಹಳತು. ಒಮ್ಮೆ ಕೇಳಿ ಒಲಿಯತಕ್ಕ ಸಂಗೀತವೂ ಅಲ್ಲ ಅದು. ಬಾರಿಬಾರಿಗೂ ಕೇಳಿದಮೇಲೆ ಒಳಗಿನ ಕಟ್ಟಡ ಕಾಣತಕ್ಕದ್ದು. ಅಂತಹ ಕೃತಿಗೆ ತಟ್ಟೆಯಂತಹ ಬಂಧು ಬೇರೊಂದಿಲ್ಲ. ಆ ತಟ್ಟೆಯೇ ಅವನಿಗೆ ಇರಲಿಲ್ಲ.

೧೯೨೧ರಲ್ಲಿ ಸ್ವದೇಶವನ್ನು ಬಿಟ್ಟ ಮೆಟ್ನರನು ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು ೧೯೩೦ರ ದಶಕದ ಮಧ್ಯದಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಕಡೆ ಪತ್ನಿಯೊಡನೆ ನೆಲಸಿದನು. ಪಾಠಹೇಳಿ ಬದುಕು. ಎರಡನೆಯ ಮಹಾಯುದ್ಧವು ಹತ್ತಿದಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪವೂ ನಿಂತುಹೋಯಿತು. ಎಡ್ನಾ ಐಲ್ಸ್ ಎಂಬ ಶಿಷ್ಯೆಯು ವಾರಿಕ್‌ಷೈರಿನಲ್ಲಿ ಆಶ್ರಯಕೊಟ್ಟಳು. ಅಲ್ಲಿ ೧೯೪೨ರಲ್ಲಿ ಹೃದಯದ ವ್ಯಾಧಿ ತಗುಲಿತು. ಆ ಸ್ಥಿತಿಯಲ್ಲಿಯೇ ಮೂರನೆಯ ಕನ್ಸರ್ಟೋವನ್ನು ಮುಗಿಸಿ ೧೯೪೪ರಲ್ಲಿ ಲಂಡನ್ನಿನಲ್ಲಿ ತಾನೇ ನುಡಿಸಿದನು. ರಾಖ್ಮಾನಿನೋಫನು ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕದಲ್ಲಿ ಸತ್ತಿದ್ದನು. ಅರವತ್ತನ್ನು ದಾಟಿದ, ಕಾಯಿಲೆಯ, ದಿಕ್ಕಿಲ್ಲದ ಮನುಷ್ಯ; ಅವನ ಕೃತಿಗಳನ್ನು ಅವನ ಕೈಯಿಂದ ಕೇಳುವ ಕಾಲವು ಹೆಚ್ಚು ಉಳಿದಿರಲಿಲ್ಲ.

ಆಗ, ೧೯೪೬ರಲ್ಲಿ, ಮೈಸೂರಿನಿಂದ ಮಾತು ಬಂದಿತು. ಮಹಾರಾಜರವರ ಪರವಾಗಿ ಕ್ಯಾಪ್ಟನ್ ಬಿನ್‌ಸ್ಟೆಡ್ ಎಂಬ ಸಂಗೀತಾಭಿಮಾನಿಯು ಲಂಡನ್ನಿನಲ್ಲಿ ವ್ಯವಹರಿಸಿದನು. ಮೆಟ್ನರನ ಕೃತಿಗಳನ್ನು ಮೆಟ್ನರನೇ ನುಡಿಸಬೇಕು. ವೆಚ್ಚವನ್ನು ಮಹಾರಾಜರು ಕೊಡುವರು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಮುದ್ರೆಯಲ್ಲಿ ತಟ್ಟೆಗಳು ಹೊರಬರಬೇಕು. ಇದಕ್ಕೆ ಮೆಟ್ನರ್ ಸಂಘವೆಂದು ಹೆಸರಾಯಿತು. ವುಲ್ಫ್ ಸಂಘದ ಹೆಸರನ್ನೇ ಹೋಲುವ ಹೆಸರು; ಆದರೆ ಅಲ್ಲಿ ಐನೂರು ಜನರು ಹೊತ್ತ ಭಾರವನ್ನು ಇಲ್ಲಿ ಒಬ್ಬ ಕೇಳುಗನು ಹೊತ್ತನು.

೧೯೪೭ರಲ್ಲಿ ಮೂರು ಕನ್ಸರ್ಟೋಗಳೂ ಮುದ್ರಣವಾದುವು. ಲೆಗ್ಗನು ೧೯೪೫ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದವು ನುಡಿಸಿತು. ಮೊದಲನೆಯದಕ್ಕೆ ವೆಲ್ಡನ್, ಉಳಿದೆರಡಕ್ಕೆ ಡೋಬ್ರೋವೆನ್ ನಿರ್ದೇಶಕರು. ಪಿಯಾನೋದ ಮುಂದೆ ಅರವತ್ತೇಳು ವರ್ಷದ ಮೆಟ್ನರ್. ಅನಂತರ ಸಣ್ಣ ಕೃತಿಗಳೂ ಗೀತಗಳೂ ಆದುವು. ೧೯೪೯ರಲ್ಲಿ ಮುದ್ರಿಸಿದ ಪಂಚವಾದ್ಯಕೃತಿಯೊಂದನ್ನು ಇಲ್ಲಿ ಹೇಳದೆ ಬಿಡಲಾರೆ. ಅದನ್ನು ಅವನು ಯೌವನದಲ್ಲಿ, ಈ ಶತಮಾನದ ಹಿಂದಿನ ಶತಮಾನವು ಇನ್ನೂ ಎಳೆಯದಾಗಿದ್ದಾಗ, ತೊಡಗಿ, ನಾಲ್ಕು ದಶಕಗಳಿಗೂ ಮೇಲ್ಪಟ್ಟು ಬಳಿಯಲ್ಲಿಟ್ಟುಕೊಂಡು, ಅದೇ ೧೯೪೯ರಲ್ಲಿ ಮುಗಿಸಿದ್ದನು. ಮುಗಿಸಿದ ವರ್ಷವೇ ತಾನೇ ನುಡಿಸಿ ಮುದ್ರಿಸುವ ಭಾಗ್ಯವೂ ಒದಗಿತು. ೧೯೫೦ರಲ್ಲಿ ಎಲಿಜಬೆತ್ ಷ್ವಾರ್ಟ್ಸ್‌ಕೋಫ್ ಹಾಡಿದ ಗೀತಗಳಿಗೆ ಅವನು ಪಿಯಾನೋ ನುಡಿಸಿದನು. ಮೆಟ್ನರ್ ಸಂಘದ ಹೆಸರಿನಲ್ಲಿ ಮೂರು ಸಂಪುಟಗಳು ಹೊರಬಂದುವು. ಮೂರನೆಯ ಕನ್ಸರ್ಟೋವನ್ನು ಅವನು ಮೈಸೂರಿನ ಮಹಾರಾಜರಿಗೆ ಕೃತಜ್ಞತಾಪೂರ್ವಕವಾಗಿ ಅರ್ಪಿಸಿದನು.

ಇಲ್ಲಿ ಒಂದು ಆಕ್ಷೇಪವನ್ನು ಪೂರ್ವಪಕ್ಷವಾಗಿ ಎತ್ತಿಕೊಳ್ಳಬೇಕು. ಶೇಷಣ್ಣನವರ ವೀಣೆ ಮೊಳಗಿದ ಊರಿನ ದೊರೆಯು ಎಲ್ಲಿಯೋ ಇರುವ ರಷ್ಯನನಿಗಾಗಿ ಹಣ ಕೊಡಬಹುದೆ? ಇದಕ್ಕೆ ಅರ್ಧ ಉತ್ತರವು ಸುಲಭ. ಇದೇ ಮಹಾರಾಜರು ಹೆಚ್ಚು ಕಡಮೆ ಇದೇ ವರ್ಷಗಳಲ್ಲಿಯೇ ಸಂಸ್ಕೃತದಲ್ಲಿ, ‘ಶ್ರೀವಿದ್ಯಾ’ ಎಂಬ ಅಂಕಿತದಿಂದ, ಕರ್ಣಾಟಕ ಸಂಗೀತದ ಕೃತಿಗಳನ್ನು ರಚಿಸುತ್ತಿದ್ದರು. ಅವು ಒಟ್ಟು ತೊಂಬತ್ತನಾಲ್ಕು. ವಾಸುದೇವಾಚಾರ್ಯರೂ ವೆಂಕಟಗಿರಿಯಪ್ಪನವರೂ ಅವರ ಆಸ್ಥಾನದಲ್ಲಿದ್ದರು. ಒಂದು ಸಂಗೀತವನ್ನು ಪ್ರೀತಿಸಿದವನು ಮತ್ತೊಂದನ್ನು ದ್ವೇಷಿಸಬೇಕೆಂಬ ನಿಯಮವಿಲ್ಲ.

ಉಳಿದರ್ಧವು ಅಷ್ಟು ಸುಲಭವಲ್ಲ. ಕನ್ಸರ್ಟೋಗಳು ಮುದ್ರಣವಾದ ೧೯೪೭ನೆಯ ವರ್ಷದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಊರಿನ ಹುಡುಗರು ಪಾಠಶಾಲೆ ಬಿಟ್ಟು ಸೆರೆಮನೆಗೆ ಹೋಗುತ್ತಿದ್ದ ಕಾಲದಲ್ಲಿ ಲಂಡನ್ನಿನ ಪಿಯಾನೋ ನೆನಪಾಗಬಹುದೆ ಎಂದು ಕೇಳುವವನನ್ನು ನಾನು ಅರಸಿಕನೆಂದು ತಳ್ಳಿಹಾಕಲಾರೆ. ನನ್ನ ಮನಸ್ಸು ಐನೂರು ಜನರ ಮೂವತ್ತು ಷಿಲ್ಲಿಂಗಿನ ಕಡೆಗೇ ಒಲಿಯುತ್ತದೆ. ಒಬ್ಬ ದೊರೆಯ ಬೊಕ್ಕಸಕ್ಕಿಂತ ಅದು ಸ್ಥಿರವಾದುದು, ಅದರ ಹಿಂದೆ ಯಾರ ಶಾಪವೂ ಇಲ್ಲ. ಆದರೆ ವುಲ್ಫನಿಗೆ ಸಿಕ್ಕಿದ ಐನೂರು ಜನರು ಮೆಟ್ನರನಿಗೆ ಸಿಕ್ಕಲಿಲ್ಲ. ಐನೂರು ಜನ ಕೂಡುವವರೆಗೆ ಕಾಯಬಹುದಾಗಿದ್ದುದು ಸತ್ತ ವುಲ್ಫನ ಗೀತಗಳಿಗೆ. ಬದುಕಿದ್ದ ಮೆಟ್ನರನ ಬೆರಳುಗಳಿಗೆ ಆ ಕಾಲವಿರಲಿಲ್ಲ. ಸಿಕ್ಕಿದವನು ಒಬ್ಬನೇ, ಅವನು ದೊರೆಯಾಗಿದ್ದನು. ಆ ಒಬ್ಬನೂ ಇಲ್ಲದಿದ್ದರೆ ಮೂರು ಕನ್ಸರ್ಟೋಗಳಲ್ಲಿ ಕರ್ತೃವಿನ ಕೈ ಹೇಗೆ ನಡೆಯುತ್ತಿದ್ದಿತೆಂಬುದು ಈ ಲೋಕಕ್ಕೆ ತಿಳಿಯದೆ ಹೋಗುತ್ತಿದ್ದಿತು.

ಲೆಗ್ಗನು ಮೈಸೂರಿಗೂ ಬಂದಿದ್ದನು. ಅರಮನೆಯ ತಟ್ಟೆಗಳ ಭಂಡಾರವನ್ನೂ, ಧ್ವನಿವರ್ಧಕಯಂತ್ರಗಳನ್ನೂ, ಒಂದಲ್ಲ ಹಲವು ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾನೆ. ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಫಿಲ್‌ಹಾರ್ಮೋನಿಯಾ ವೃಂದಕ್ಕೆ ಕೊಡಲು ಮಹಾರಾಜರು ಒಪ್ಪಿದರೆಂಬುದೂ ಅವನ ಬರವಣಿಗೆಯಲ್ಲಿದೆ. ೧೯೪೮ರಲ್ಲಿ ಫಿಲ್‌ಹಾರ್ಮೋನಿಯಾ ಕಚೇರಿ ಸಂಘಕ್ಕೆ ಅವರೇ ಮೊದಲನೆಯ ಅಧ್ಯಕ್ಷರಾದರು. ತಾವು ಕೇಳಬೇಕೆಂದು ಹಂಬಲಿಸಿ ತಟ್ಟೆ ಸಿಕ್ಕದಿದ್ದ ಕೃತಿಗಳನ್ನು ಅವರು ಹೆಸರಿಸಿ ಮಾಡಿಸಿದರು. ಬಾಲಾಕಿರೇವನ ಮೊದಲನೆಯ ಸಿಂಫನಿ, ರೂಸೆಲ್ಲನ ನಾಲ್ಕನೆಯ ಸಿಂಫನಿ ಇವು ೧೯೪೯ರಲ್ಲಿ ಕಾರಯಾನನ ನಿರ್ದೇಶನದಲ್ಲಿ ಮುದ್ರಣವಾದುದು ಹೀಗೆ. ನಮ್ಮೂರಿನ ಒಬ್ಬ ಕೇಳುಗನ ಬೇಡಿಕೆಪಟ್ಟಿಯು ಯೂರೋಪಿನ ಅಂಗಡಿಗಳಲ್ಲಿ ತಟ್ಟೆಯಾಗಿ ಮಾರಾಟವಾಯಿತು.

ಗಣರಾಜ್ಯವು ಸ್ಥಾಪನೆಯಾದಮೇಲೆ ಈ ಹೊಳೆಯು ಬತ್ತಿತು, ಬತ್ತಲೇಬೇಕಾಗಿದ್ದಿತು. ಮೆಟ್ನರನು ೧೯೫೧ರ ನವೆಂಬರಿನಲ್ಲಿ ಗೋಲ್ಡರ್ಸ್ ಗ್ರೀನಿನ ಮನೆಯಲ್ಲಿ ತೀರಿಕೊಂಡನು. ಅವನ ಸೊನಾಟಾಗಳಲ್ಲಿ ಬಹುಪಾಲು ಅವನ ಕೈಯಿಂದ ಮುದ್ರಣವಾಗದೆ ಉಳಿದುವು. ಪತ್ನಿಯಾದ ಅನ್ನಾ ಮುಂದೆ ಮಾಸ್ಕೋ ನಗರಕ್ಕೆ ಹಿಂದಿರುಗಿದಳು. ೧೯೫೯ರಿಂದ ೧೯೬೩ರವರೆಗೆ ಅಲ್ಲಿ ಅವನ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದುವು. ಮಹಾರಾಜರು ೧೯೭೪ರಲ್ಲಿ ಕಾಲವಾದರು.

ಹೊಳೆಯು ಬತ್ತುವುದಕ್ಕೆ ಮುಂಚೆ ನಡೆದ ಒಂದು ಸಂಗತಿಯು ಉಳಿದಿದೆ. ಜರ್ಮನಿಯ ರಿಖರ್ಡ್ ಸ್ಟ್ರಾಸ್ ಎಂಬ ವೃದ್ಧ ವಾಗ್ಗೇಯಕಾರನು ೧೯೪೮ರಲ್ಲಿ ವಾದ್ಯವೃಂದದೊಡನೆ ಹಾಡತಕ್ಕ ನಾಲ್ಕು ಗೀತಗಳನ್ನು ರಚಿಸಿ, ಅವುಗಳನ್ನು ಕೇಳುವುದಕ್ಕೆ ಮೊದಲೇ ೧೯೪೯ರ ಸೆಪ್ಟೆಂಬರಿನಲ್ಲಿ ಸತ್ತನು. ಅವುಗಳ ಮೊದಲನೆಯ ಗಾನವು ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಸ್ಟ್ರಾಸನು ಬಯಸಿದ್ದಂತೆ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದಳು; ಫುರ್ಟ್‌ವೆಂಗ್ಲರ್ ವೃಂದವನ್ನು ನಡೆಸಿದನು. ಆ ಕಚೇರಿಗೆ ನಷ್ಟವಾಗದಂತೆ ೪೮೦೦ ಡಾಲರುಗಳ ಹೊಣೆಯನ್ನು ಹೊತ್ತವರು ಮೈಸೂರಿನ ಮಹಾರಾಜರು. ಅವರು ಕೇಳಿದುದು ಇಷ್ಟೇ: ಗಾನವನ್ನು ತಟ್ಟೆಯಮೇಲೆ ಹಿಡಿದು ಮೈಸೂರಿಗೆ ಕಳುಹಿಸಬೇಕು. ಆ ಮುದ್ರಣವನ್ನು ಈಚಿನ ವರ್ಷಗಳಲ್ಲಿ ಶುದ್ಧಿಮಾಡಿ ಮತ್ತೆ ಹೊರತಂದಿದ್ದಾರೆ. ವಾದ್ಯಗಳು ಅಲ್ಲಲ್ಲಿ ಮಸುಕಾಗಿವೆ, ತಟ್ಟೆಯ ಕೆರೆತವು ಪೂರ್ತಿಯಾಗಿ ಹೋಗಿಲ್ಲ. ಫ್ಲಾಗ್‌ಸ್ಟಾಡಳ ಕಂಠವು ಅದರ ಮೇಲೆದ್ದು ಕೇಳಿಸುತ್ತದೆ.